ಫಾಕ್ಸ್ 35 ಎಂಜಿನ್‌ಗೆ ಯಾವ ವಿಮಾನ: ರಿಂಗ್‌ಮಾಸ್ಟರಾ, ನೋಬ್ಲರಾ?

ಮಾದರಿ ವಿಮಾನದ ಹಳೆಯ ಎಂಜಿನ್ ಕೈಗೆ ಸಿಕ್ಕರೆ ಹೆಚ್ಚಿನವರು ನೋಡುವುದು ಅದರ ಸಿಸಿ ಒಂದನ್ನೇ. 35 (ಅಂದರೆ 0.35 ಘನ ಇಂಚು) ಎಂದು ಕೊರೆದಿದ್ದರೆ, ಇವತ್ತಿನ 35–40 ಸೈಜಿನ ಕಿಟ್ ತಂದು ಅದರಲ್ಲಿ ಕೂರಿಸಿಬಿಡುತ್ತಾರೆ. ನೆಲದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ. ವಿಮಾನ ನೆತ್ತಿಯ ಮೇಲೆ ಬಂದಾಗ ಲೈನ್ ಸಡಿಲಾಗುತ್ತದೆ, ಹಿಡಿತ ತಪ್ಪುತ್ತದೆ. ಆಗ ಬೈಗುಳ ಎಂಜಿನ್‌ಗೆ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಕಂಟ್ರೋಲ್ ಲೈನ್ ವಿಮಾನ (ಕೈಯಲ್ಲಿ ಹಿಡಿದ ಉಕ್ಕಿನ ತಂತಿಗಳಿಂದ ಸುತ್ತಲೂ ಹಾರಿಸುವಂಥದ್ದು) ಹಾರಿಸಿದವರಿಗೆ ಈ ಸಡಿಲ ಎಷ್ಟು ಅಪಾಯ ಎಂದು ಹೇಳಬೇಕಿಲ್ಲ.

ಫಾಕ್ಸ್ 35 ಸ್ಟಂಟ್ ಅಮೆರಿಕದ ಡ್ಯೂಕ್ ಫಾಕ್ಸ್ 1940ರ ದಶಕದ ಕೊನೆಯಲ್ಲಿ ತಂದ ಗ್ಲೋ ಎಂಜಿನ್ (ಕಾದ ಪ್ಲಗ್‌ನಿಂದ ಇಂಧನ ಉರಿಸುವಂಥದ್ದು). ಸುಮಾರು 5.8 ಸಿಸಿ, ಬಾಲ್ ಬೇರಿಂಗ್ ಇಲ್ಲ, ಬರೀ ಬುಷ್; ಮೂಲ ರೂಪದಲ್ಲಿ ಮಫ್ಲರೂ ಇಲ್ಲ. ತೂಕ 185 ಗ್ರಾಂ ಆಸುಪಾಸು. ಇದರ ನಿಜವಾದ ಗುಣ ಇರುವುದು ಓಡುವ ರೀತಿಯಲ್ಲಿ. ಇಂಧನದ ಹರಿವು ಹೊಂದಿಸುವ ನೀಡಲ್ ಸ್ವಲ್ಪ ರಿಚ್ (ಇಂಧನ ಹೆಚ್ಚು) ಇಟ್ಟರೆ ಸಮತಟ್ಟು ಹಾರಾಟದಲ್ಲಿ ಗೊರಗೊರ ಎಂದು ಎರಡು ಸುತ್ತಿಗೊಮ್ಮೆ ಮಾತ್ರ ಉರಿದು ಫೋರ್ ಸ್ಟ್ರೋಕ್ ಸದ್ದು ಮಾಡುತ್ತ ಹೋಗುತ್ತದೆ. ಮೂತಿ ಮೇಲೆತ್ತಿ ಭಾರ ಬಿದ್ದ ಕ್ಷಣ ಪ್ರತಿ ಸುತ್ತಿಗೂ ಉರಿಯುವ ಟೂ ಸ್ಟ್ರೋಕ್‌ಗೆ ಬದಲಾಗಿ ಜೋರು ಕೊಡುತ್ತದೆ. ಇಳಿಯುವಾಗ ಮತ್ತೆ ಫೋರ್‌ಗೆ ಮರಳುತ್ತದೆ. ಈ ಬದಲಾವಣೆಗೆ ಹೊಂದುವ ತೂಕ, ರೆಕ್ಕೆ, ಪ್ರೊಪೆಲ್ಲರ್ ಇರುವ ವಿಮಾನವೇ ಇದಕ್ಕೆ ಬೇಕು. ಒಂದೂವರೆ ಕಿಲೋ ತೂಗುವ ವಿಮಾನಕ್ಕೆ ಕಟ್ಟಿದರೆ ನೀಡಲ್ ಬಿಗಿಮಾಡಿ ಪೂರ್ತಿ ಟೂ ಸ್ಟ್ರೋಕ್‌ನಲ್ಲೇ ಓಡಿಸಬೇಕಾಗುತ್ತದೆ. ಎಂಜಿನ್ ಕಾದು, ಸೊರಗಿ, ಬೇಗ ಸವೆಯುತ್ತದೆ.

ಸ್ಟರ್ಲಿಂಗ್ ಕಂಪನಿಯ ರಿಂಗ್‌ಮಾಸ್ಟರ್ 42 ಇಂಚು ರೆಕ್ಕೆಯ ಪ್ರೊಫೈಲ್ ವಿಮಾನ: ಒಡಲು ಹಗುರ ಬಾಲ್ಸಾ ಮರದ ಒಂದೇ ಹಲಗೆ, ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಮಡಚುವ ಭಾಗ) ಇಲ್ಲ. 750–800 ಗ್ರಾಂ ಒಳಗೆ ಮುಗಿಸಿದರೆ ಫಾಕ್ಸ್‌ಗೆ ಇದು ಹಗುರದ ಹೊರೆ. 10x6 ಪ್ರೊಪೆಲ್ಲರ್ (10 ಇಂಚು ವ್ಯಾಸ, 6 ಇಂಚು ಪಿಚ್), 0.015 ಇಂಚಿನ 60 ಅಡಿ ಲೈನ್ ಸಾಕು. ಲೂಪ್, ತಲೆಕೆಳಗು ಹಾರಾಟ, ಎಂಟರ ಆಕಾರ, ಇಷ್ಟನ್ನೂ ಸಲೀಸಾಗಿ ಮಾಡುತ್ತದೆ. ಚೌಕಾಕಾರದ ಮೂಲೆಗಳಲ್ಲಿ ಮಾತ್ರ ವೇಗ ಕಳೆದುಕೊಳ್ಳುತ್ತದೆ. ಫ್ಲಾಪ್ ಇಲ್ಲದ್ದು ಅಲ್ಲಿ ಗೊತ್ತಾಗುತ್ತದೆ.

ದೊಡ್ಡ ದೋಷ ಅದರ ತೆಳ್ಳಗಿನ ಮೂತಿ. ಎಂಜಿನ್ ಅದುರಿದಾಗ ಒಡಲೂ ಅದುರುತ್ತದೆ, ಟ್ಯಾಂಕಿನ ಇಂಧನ ನೊರೆಯಾಗುತ್ತದೆ, ನಡುವೆ ಎಂಜಿನ್ ಏಕಾಏಕಿ ಲೀನ್ ಆಗುತ್ತದೆ (ಇಂಧನ ಸಾಲದಾಗುತ್ತದೆ). ಮೂತಿಯಿಂದ ರೆಕ್ಕೆಯ ದಪ್ಪ ಭಾಗದವರೆಗೂ ಎರಡೂ ಬದಿಗೆ ಪ್ಲೈವುಡ್ ಅಂಟಿಸಿ, ಎಂಜಿನ್ ಕೂರುವ ಗಟ್ಟಿಮರದ ಪಟ್ಟಿಗಳನ್ನು ರೆಕ್ಕೆಯ ಹತ್ತಿರದವರೆಗೆ ಉದ್ದ ಬಿಡಿ. ಟ್ಯಾಂಕಿನ ಕೆಳಗೆ ತೆಳು ಸ್ಪಂಜ್ ಇಡಿ. ಈ ಮೂರನ್ನು ಮಾಡದೆ ನೀಡಲ್ ತಿರುಗಿಸುತ್ತ ಕೂತರೆ ಪ್ರಯೋಜನವಿಲ್ಲ.

ಟ್ಯಾಂಕ್ ತಗಡಿನ ವೆಡ್ಜ್ ಆಕಾರದ್ದಿರಲಿ, ಅದರ ಚೂಪು ಅಂಚು ವೃತ್ತದ ಹೊರಬದಿಗೆ. ಅದರ ಎತ್ತರದ ಮಧ್ಯರೇಖೆ ಸ್ಪ್ರೇಬಾರ್‌ನ (ಎಂಜಿನ್‌ಗೆ ಇಂಧನ ಬಿಡುವ ನಳಿಕೆಯ) ಮಟ್ಟಕ್ಕೆ ಬರಬೇಕು. ಹಾರಿಸಿ ಸುತ್ತಿನ ಸಮಯ ನೋಡಿ. ತಲೆಕೆಳಗಾದಾಗ ವೇಗ ಹೆಚ್ಚಿದರೆ ಟ್ಯಾಂಕ್ ಮೇಲಾಗಿದೆ, ಒಂದೂವರೆ ಮಿಮೀ ಇಳಿಸಿ. ನೇರ ಹಾರಾಟದಲ್ಲಿ ವೇಗ ಹೆಚ್ಚಿದ್ದರೆ ಅಷ್ಟೇ ಏರಿಸಿ. ಎರಡೂ ಒಂದೇ ಆಗುವವರೆಗೆ ಬೇರೇನನ್ನೂ ಮುಟ್ಟಬೇಡಿ.

ನೋಬ್ಲರ್ ಬೇರೆಯೇ ದರ್ಜೆ. ಜಾರ್ಜ್ ಆಲ್ಡ್ರಿಚ್ 1950ರ ದಶಕದ ಆರಂಭದಲ್ಲಿ ರೂಪಿಸಿದ, ಆಮೇಲೆ ಟಾಪ್ ಫ್ಲೈಟ್ ಕಿಟ್ ಆಗಿ ಮನೆಮಾತಾದ ಈ ವಿಮಾನಕ್ಕೆ ಸುಮಾರು 50 ಇಂಚು ರೆಕ್ಕೆ, ಬಾಲದ ಎಲಿವೇಟರ್ ಜೊತೆಗೇ ಚಲಿಸುವ ಫ್ಲಾಪ್. ಪೂರ್ತಿ ಸ್ಟಂಟ್ ಪ್ಯಾಟರ್ನ್‌ಗೆ (ಸಾಲಾಗಿ ಮಾಡುವ ಕಸರತ್ತುಗಳಿಗೆ) 110 ಮಿಲೀ ಆಸುಪಾಸಿನ ಟ್ಯಾಂಕ್ ಬೇಕು. 60 ಅಡಿ ಲೈನಿನಲ್ಲಿ ಸುತ್ತಿಗೆ 5.2 ಸೆಕೆಂಡ್ ಬಂದರೆ, ಅಂದರೆ ಗಂಟೆಗೆ ಸುಮಾರು 80 ಕಿಮೀ, ಎಂಜಿನ್ ಮತ್ತು ವಿಮಾನ ಒಂದಕ್ಕೊಂದು ಒಗ್ಗಿವೆ ಎನ್ನಬಹುದು. ಆದರೆ ತೂಕ 1,100 ಗ್ರಾಂ ಮೀರಿದರೆ ಫಾಕ್ಸ್‌ಗೆ ಕಷ್ಟ. ತೂಕ ಏರುವುದು ಹೆಚ್ಚಾಗಿ ಬಣ್ಣದಲ್ಲಿ, ಅದೂ ಬಾಲದ ಭಾಗದಲ್ಲಿ. ಆಮೇಲೆ ಅದನ್ನು ಸರಿದೂಗಿಸಲು ಮೂತಿಗೆ ಸೀಸ ಸೇರಿಸಬೇಕಾಗುತ್ತದೆ. ಮೊದಲ ಸಲ ಕಟ್ಟುವವರಿಗೆ ನೋಬ್ಲರ್ ಬೇಡವೆಂದೇ ನಮ್ಮ ಸಲಹೆ. ರಿಂಗ್‌ಮಾಸ್ಟರ್‌ನಲ್ಲಿ ಎಂಜಿನ್‌ನ ಗುಣ ತಿಳಿದ ಮೇಲೆ ಅದೇ ಎಂಜಿನ್ ಬಿಚ್ಚಿ ನೋಬ್ಲರ್‌ಗೆ ಹಾಕಿ. ಎರಡರಲ್ಲೂ, ಹಾರಿಸುವ ಮುನ್ನ ವಿಮಾನದ ತೂಕದ 10 ಪಟ್ಟು ಬಲದಿಂದ ಲೈನ್ ಎಳೆದು ಪರೀಕ್ಷಿಸಿ. ಮೇಲೆ, ಪಕ್ಕದಲ್ಲಿ ವಿದ್ಯುತ್ ತಂತಿ ಇರುವ ಮೈದಾನ ಬೇಡವೇ ಬೇಡ. ಉಕ್ಕಿನ ಲೈನ್ ಕರೆಂಟನ್ನು ನೇರ ಕೈಗೆ ತರುತ್ತದೆ.

ಎಂಜಿನ್ ಕೂರಿಸುವಾಗ ಒಂದು ಪರೀಕ್ಷೆ ತಪ್ಪಿಸಬೇಡಿ. ಗ್ಲೋ ಪ್ಲಗ್ ತೆಗೆದು, ಸ್ಕ್ರೂ ಬಿಗಿಯುವ ಮೊದಲು ಒಮ್ಮೆ, ಬಿಗಿದ ಮೇಲೆ ಒಮ್ಮೆ ಪ್ರೊಪೆಲ್ಲರ್ ತಿರುಗಿಸಿ. ಬಿಗಿದ ಮೇಲೆ ಹಿಡಿದಂತಾದರೆ ಮರದ ಪಟ್ಟಿಗಳು ಸಮತಟ್ಟಾಗಿಲ್ಲ, ಕ್ರ್ಯಾಂಕ್‌ಕೇಸ್ ತಿರುಚಿಕೊಳ್ಳುತ್ತಿದೆ ಎಂದರ್ಥ. ಪಟ್ಟಿ ಉಜ್ಜಿ ಸರಿಮಾಡಿ.

ಇಂಧನದಲ್ಲಿ ಎಣ್ಣೆ 28–29 ಶೇಕಡಾ ಇರಲಿ, ಅಷ್ಟೂ ಹರಳೆಣ್ಣೆಯೇ ಆದರೆ ಒಳ್ಳೆಯದು. ನೈಟ್ರೊ (ನೈಟ್ರೊಮೀಥೇನ್) 5–10 ಶೇಕಡಾ ಸಾಕು. ಇವತ್ತಿನ 18–20 ಶೇಕಡಾ ಸಿಂಥೆಟಿಕ್ ಎಣ್ಣೆಯ ಡಬ್ಬಿ ಈ ಬುಷ್‌ಗಳನ್ನು ತಿಂದುಹಾಕುತ್ತದೆ. ಊರಲ್ಲಿ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆದ ಹರಳೆಣ್ಣೆ ಇದಕ್ಕಾಗದು. ನೀರಿನಂಶ, ಅಂಟು ಉಳಿದಿರುತ್ತದೆ. ಅಂಟು ತೆಗೆದು ಶುದ್ಧಮಾಡಿದ ದರ್ಜೆಯದ್ದೇ ಬೇಕು. ವರ್ಷಗಟ್ಟಲೆ ಬಿದ್ದಿದ್ದ ಎಂಜಿನ್ ಹಿಡಿದುಕೊಂಡಿದ್ದರೆ ಅದು ಹೆಚ್ಚಾಗಿ ಒಣಗಿದ ಹರಳೆಣ್ಣೆ. ಹಾಟ್ ಏರ್ ಗನ್‌ನಿಂದ ನಿಧಾನ ಬಿಸಿಮಾಡಿ, ತಾನಾಗಿ ಬಿಟ್ಟ ಮೇಲೆ ತಿರುಗಿಸಿ. ಪ್ರೊಪೆಲ್ಲರ್ ಹಿಡಿದು ಜಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಬಿಗಿ ಲೂಪಿನಲ್ಲಿ ಫಾಕ್ಸ್ ಒಮ್ಮೆ ಬಿಕ್ಕುವುದುಂಟು. ಕ್ರ್ಯಾಂಕ್‌ಕೇಸ್‌ನಿಂದ ಸಿಲಿಂಡರಿಗೆ ಹೋಗುವ ದಾರಿ, ಅಂದರೆ ಅಗಲವಾದ ಬೈಪಾಸ್‌ನಲ್ಲಿ ಇಂಧನ ನಿಲ್ಲುವುದೇ ಇದಕ್ಕೆ ಕಾರಣ ಎನ್ನುತ್ತಾರೆ. ಅಲ್ಲಿ ಐಸ್‌ಕ್ಯಾಂಡಿ ಕಡ್ಡಿಯಂಥ ಮರದ ತುಂಡನ್ನು ಎಪಾಕ್ಸಿಯಿಂದ ಅಂಟಿಸಿ ಜಾಗ ಕಿರಿದು ಮಾಡುವುದು ಹಳಬರ ಚಿಕಿತ್ಸೆ, ಕೆಲಸವನ್ನೂ ಮಾಡುತ್ತದೆ.

ಕೈಯಲ್ಲಿರುವುದು ಫಾಕ್ಸ್ ಅಲ್ಲ, ಬ್ರಿಟನ್ನಿನ ಮಿಲ್ಸ್ 1.3 ಡೀಸೆಲ್ ಎನ್ನುವವರು ಈ ಎರಡೂ ವಿಮಾನ ಮರೆತುಬಿಡಿ. ಅದು ನಿಧಾನವಾಗಿ ತಿರುಗುವ, 8x4ರಂಥ ಪ್ರೊಪೆಲ್ಲರ್ ಬಯಸುವ ಎಂಜಿನ್. ಚಿಕ್ಕ, ಹಗುರ ಸ್ಪೋರ್ಟ್ ವಿಮಾನಕ್ಕೆ ಲಾಯಕ್ಕು, ಸ್ಟಂಟ್‌ಗೆ ಅಲ್ಲ. ಸಿಲಿಂಡರಿಗೆ ಇಂಧನ ಹೆಚ್ಚಾಗಿ ತುಂಬಿದಾಗ ಎಲೆಕ್ಟ್ರಿಕ್ ಸ್ಟಾರ್ಟರ್ ಹಚ್ಚಬೇಡಿ. ಕಂಪ್ರೆಷನ್ ಸ್ಕ್ರೂ ಸಡಿಲಿಸಿ, ವಿಮಾನ ತಲೆಕೆಳಗು ಮಾಡಿ ಸುರಿಸಿ, ಕೈಯಿಂದಲೇ ಹೊಡೆದು ಶುರುಮಾಡಿ.