ಪ್ಲಗ್ ನಾನೇ ಹಾಕುತ್ತೇನೆ ಅಂತ ಹೋದೆ, ಹೆಡ್ಡಿನ ದುಡ್ಡು ಕಟ್ಟಿ ಬಂದೆ

ಇದನ್ನು ಬರೆಯೋಕೆ ಮೂರು ವಾರದಿಂದ ಕೈ ಬಂದಿರಲಿಲ್ಲ. ಮೊದಲ ತಪ್ಪು ನನ್ನದೇ. ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಲ್ಲ ಅಂತ ನಾಚಿಕೆ. ಆದರೆ ಗ್ಯಾರೇಜಿನವರು ನನ್ನನ್ನು ಸುಲಿದದ್ದು ಆ ನಾಚಿಕೆಯನ್ನೇ ಹಿಡಿದುಕೊಂಡು. ಹಾಗಾಗಿ ಪೂರ್ತಿ ಹೇಳುತ್ತೇನೆ.

ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿತ್ತು. ಎಂಜಿನ್ ಒಳಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇರಿಡಿಯಂನದ್ದು, ಅಷ್ಟು ಓಡಿದ ಮೇಲೆ ಬದಲಾಯಿಸಿ ಅಂತ ಕಾರಿನ ಪುಸ್ತಕದಲ್ಲೇ ಇದೆ. ಏರ್ ಫಿಲ್ಟರ್, ಬ್ಯಾಟರಿ, ವೈಪರ್, ಬಲ್ಬು ಎಲ್ಲ ನಾನೇ ಹಾಕಿಕೊಳ್ಳುವವನು. ಪ್ಲಗ್ ಏನು ಮಹಾ ಅನ್ನಿಸಿತು. ಒಂದು 10 ಎಂಎಂ ಬೋಲ್ಟ್ ಬಿಚ್ಚಬೇಕು, ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಎಳೆಯಬೇಕು, ಉದ್ದದ ಸಾಕೆಟ್ ಇಳಿಸಿ ತಿರುಗಿಸಬೇಕು. ವಿಡಿಯೊದಲ್ಲಿ ಆತ ಮಾತಾಡುತ್ತಲೇ ಮುಗಿಸಿಬಿಟ್ಟಿದ್ದ.

ಆಗಷ್ಟೇ ಓಡಿಸಿಕೊಂಡು ಬಂದಿದ್ದೆ, ಎಂಜಿನ್ ಬಿಸಿ ಇತ್ತು. ತಣ್ಣಗಾಗಲಿ ಅಂತ ಕಾಯಲಿಲ್ಲ. ಪ್ಲಗ್ ಕೂರುವ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಅಲ್ಯೂಮಿನಿಯಂ; ಪ್ಲಗ್ ಉಕ್ಕು. ಬಿಸಿಯಲ್ಲಿ ಬಿಚ್ಚಿದರೆ ಪ್ಲಗ್ ತಿರುಗಿ ಕೂರುವ ಮೆತ್ತಗಿನ ಅಲ್ಯೂಮಿನಿಯಂ ಸುತ್ತುಗಳು, ಅಂದರೆ ಥ್ರೆಡ್ಡೇ, ಕಿತ್ತು ಬರಬಹುದು. ಇದು ನನಗೆ ಆಮೇಲೆ ಗೊತ್ತಾಯಿತು. ಮೂರು ಪ್ಲಗ್ ಸಲೀಸಾಗಿ ಬಂದು, ಹೊಸವು ಸಲೀಸಾಗಿ ಕೂತವು. ನಾಲ್ಕನೆಯದರ ಹತ್ತಿರ ಕೈ ಹೋಗುವುದೇ ಕಷ್ಟ. ಅದು ಕಿರ್‍ರ್ ಅಂತ ಸದ್ದು ಮಾಡಿಕೊಂಡು ಬಂತು. ಅದರ ಥ್ರೆಡ್‌ನಲ್ಲಿ ಬೆಳ್ಳಿ ಬಣ್ಣದ ಸಣ್ಣ ಚೂರುಗಳು ಅಂಟಿಕೊಂಡಿದ್ದವು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಹೊಸ ಪ್ಲಗ್ಗನ್ನು ಮೊದಲು ಕೈಬೆರಳಲ್ಲೇ ನಾಲ್ಕೈದು ಸುತ್ತು ಕೂರಿಸಬೇಕು ಅಲ್ವಾ? ನಾನು ನೇರ ರ್ಯಾಚೆಟ್ ಪಾನಾ ಹಾಕಿದೆ. ಸ್ವಲ್ಪ ಬಿಗಿ ಇತ್ತು, ಕೊಳೆ ಇರಬೇಕು ಅಂದುಕೊಂಡು ಒತ್ತಿ ತಿರುಗಿಸಿದೆ. ಬಿಗಿ, ಬಿಗಿ, ಇನ್ನೂ ಬಿಗಿ. ಆಮೇಲೆ ಒಮ್ಮೆಲೇ ಸಡಿಲ. ಎಷ್ಟು ತಿರುಗಿಸಿದರೂ ಸುಮ್ನೆ ಗಿರಗಿರ ತಿರುಗುತ್ತಿತ್ತು. ಪಕ್ಕದಲ್ಲಿ ಮಗ ಟಾರ್ಚ್ ಹಿಡಿದು ನಿಂತಿದ್ದ. "ಆಯ್ತಾ ಅಪ್ಪ?" ಅಂದ. ಏನು ಹೇಳಲಿ ಅಂತ ತೋಚಲಿಲ್ಲ.

ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದೆ. ಮಗನೂ ಬಂದಿದ್ದ. ಗ್ಯಾರೇಜಿನವರು ಟಾರ್ಚ್ ಬಿಟ್ಟು ನೋಡಿ ಮೊದಲು ಕೇಳಿದ್ದೇ, "ಯಾರ್ ಸರ್ ಇದಕ್ಕೆ ಕೈ ಹಾಕಿದ್ದು?" ನಾನೇ ಅಂದೆ. ಅವರು ಪಕ್ಕದ ಹುಡುಗನ ಕಡೆ ನೋಡಿ ತಲೆ ಆಡಿಸಿದರು. "ಹೆಡ್ ಹೋಯ್ತು ಸರ್. ಥ್ರೆಡ್ ಪೂರ್ತಿ ಹೋಗಿದೆ. ಹೆಡ್ಡೇ ಬದಲಾಯಿಸ್ಬೇಕು."

ನಾನು ಬೇರೆ ಯಾವ ಕೆಲಸಕ್ಕಾದರೂ ನಾಲ್ಕು ಕಡೆ ವಿಚಾರಿಸುವವನು. ಅವತ್ತು ಒಂದು ಪ್ರಶ್ನೆ ಕೇಳಲಿಲ್ಲ. ಬೇರೆ ದಾರಿ ಇದೆಯಾ ಅಂತ ಕೇಳಲಿಲ್ಲ, ಹಳೇ ಹೆಡ್ ನನಗೆ ಬೇಕು ಅನ್ನಲಿಲ್ಲ, ಏನು ಮಾಡುತ್ತೀರಿ ಅಂತ ಬರೆಸಿಕೊಳ್ಳಲಿಲ್ಲ. ಹಾಳು ಮಾಡಿದವನು ನಾನು, ಇನ್ನೇನು ಬಾಯಿ ಬಿಡಲಿ ಅನ್ನಿಸಿತ್ತು. ಅವರು ಹೇಳಿದಷ್ಟಕ್ಕೆ ಒಪ್ಪಿ, ನಾಲ್ಕು ದಿನ ಬಿಟ್ಟು ಹೋಗಿ, ದುಡ್ಡು ಕೊಟ್ಟು ಗಾಡಿ ತಂದೆ. ಚೆನ್ನಾಗೇ ಓಡಿತು.

ಮೂರು ತಿಂಗಳು ಓಡಿತು. ಆಮೇಲೊಂದು ದಿನ ಏರು ಹತ್ತುವಾಗ ಬಾನೆಟ್ ಒಳಗಿಂದ ಫಟ್ ಫಟ್ ಅಂತ ಸದ್ದು. ಪಿಕಪ್ ಸತ್ತುಹೋಯಿತು, ಎಂಜಿನ್ ದೀಪ ಮಿಣುಕೋಕೆ ಶುರುವಾಯಿತು. ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ, ವಯಸ್ಸಾದವರು. ಎಂಜಿನ್ ತಣ್ಣಗಾಗುವ ತನಕ ಮುಟ್ಟಲೇ ಇಲ್ಲ. ಆಮೇಲೆ ನಾಲ್ಕನೆಯ ಪ್ಲಗ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ನನ್ನ ಅಂಗೈಗೆ ಹಾಕಿದರು.

ಪ್ಲಗ್ ಥ್ರೆಡ್ ಮೇಲೆ ಸ್ಪ್ರಿಂಗ್ ಥರದ ಒಂದು ತಂತಿ ಸುರುಳಿ ಸುತ್ತಿಕೊಂಡಿತ್ತು. ಒಂದು ತುದಿ ಮುರಿದು ಮೇಲೆದ್ದಿತ್ತು. ಉಗುರಿನಿಂದ ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು.

"ಇದೇನಣ್ಣ?" ಅಂದೆ. "ಹೆಲಿಕಾಯಿಲ್. ಥ್ರೆಡ್ ಹೋದ್ರೆ ಸ್ವಲ್ಪ ದೊಡ್ಡದಾಗಿ ಟ್ಯಾಪ್ ಹೊಡೆದು, ಅಂದ್ರೆ ಹೊಸ ಥ್ರೆಡ್ ಕೊರೆದು, ಇದನ್ನ ಕೂರಿಸ್ತಾರೆ. ಹೆಡ್ ಬದಲಾಯಿಸ್ಲೇಬೇಕು ಅಂತೇನಿಲ್ಲ," ಅಂದರು.

ನಾನು ಹೆಡ್ ಬದಲಾಯಿಸಿದ್ದಾರೆ ಅಂದೆ. ಅವರು ಏನೂ ಮಾತಾಡದೆ ಟಾರ್ಚ್ ಹಿಡಿದು ಒಂದೊಂದೇ ತೋರಿಸಿದರು. ಹೆಡ್ ಇಳಿಸಬೇಕಾದರೆ ಕೂಲೆಂಟ್ ಖಾಲಿ ಮಾಡಬೇಕು, ಮೇಲಿನ ಕವರ್ ತೆಗೆಯಬೇಕು, ಟೈಮಿಂಗ್ ಚೈನ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು. ನನ್ನ ಎಂಜಿನ್ ಮೇಲಿನ ಕವರ್ ಬೋಲ್ಟುಗಳ ಸುತ್ತ ವರ್ಷಗಳ ಧೂಳು, ಎಣ್ಣೆ ಸೇರಿ ಗಟ್ಟಿಯಾಗಿ ಕೂತಿತ್ತು. ಪಾನಾ ಬಿದ್ದ ಗುರುತೇ ಇಲ್ಲ. ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ಮುಖ ಬಿಸಿಯಾಯಿತು. ನಾನು ಕೊಟ್ಟದ್ದು ಹೆಡ್ಡಿನ ದುಡ್ಡು. ಅವರು ಹಾಕಿದ್ದು ಬೆರಳುದ್ದವೂ ಇಲ್ಲದ ತಂತಿ ಸುರುಳಿ. ಹೆಡ್ಡಿನ ದುಡ್ಡು!

ಸುರುಳಿ ಹಾಕುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಹಾಕಿದರೆ ಬಾಳಿಕೆ ಬರುತ್ತದಂತೆ, ತಂತಿ ಬದಲು ಬುಷ್, ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಕೊಳವೆ, ಹಾಕಿದರೆ ಇನ್ನೂ ಗಟ್ಟಿ. ಆದರೆ ಟ್ಯಾಪ್ ಹೊಡೆಯುವಾಗ ಅದಕ್ಕೆ ಗ್ರೀಸ್ ಮೆತ್ತಿ ಚೂರುಗಳು ಒಳಗೆ ಬೀಳದ ಹಾಗೆ ನೋಡಿಕೊಳ್ಳಬೇಕು, ಬಿದ್ದದ್ದನ್ನು ಹೊರಗೆ ತೆಗೆಯಬೇಕು. ಹಿರಿಯರು ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಸಿಲಿಂಡರ್ ಗೋಡೆ ಮೇಲೆ ಎರಡು ಉದ್ದ ಗೀರು.

ಸಂಜೆಯೇ ಆ ಗ್ಯಾರೇಜಿಗೆ ಹೋದೆ. ಸುರುಳಿ ಸಮೇತ ಪ್ಲಗ್ಗನ್ನು ಮೇಜಿನ ಮೇಲಿಟ್ಟೆ. ಅವರು ಕೊಟ್ಟ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಹೊಸ ಹೆಡ್ಡಿಗೂ ಹಾಕ್ತೀವಿ ಸರ್, ಸ್ಟ್ರಾಂಗ್ ಇರ್ಲಿ ಅಂತ."

ಹೊಸ ಹೆಡ್ಡಿನ ಹೊಸ ಥ್ರೆಡ್ ಕೊರೆದು ಯಾರಾದರೂ ಸುರುಳಿ ಹಾಕುತ್ತಾರಾ? ಹಾಗಾದರೆ ಹಳೇ ಹೆಡ್ ಎಲ್ಲಿ ಅಂದೆ.

"ಅದು ಗುಜರಿಗೆ ಹೋಯ್ತು. ನೀವು ಕೇಳ್ಲಿಲ್ಲ."

ಬಿಲ್ ತೋರಿಸಿದೆ. "ಹೆಡ್ ಕೆಲಸ ಅಂತ ತಾನೇ ಬರ್ದಿರೋದು? ಹೊಸ ಹೆಡ್ ಅಂತ ಎಲ್ಲಿದೆ ತೋರ್ಸಿ."

ನಿಜ, ಇರಲಿಲ್ಲ. "ಹೆಡ್ ಕೆಲಸ", ಅಷ್ಟೇ. ಮೊದಲ ದಿನ ಬಾಯಲ್ಲಿ ಹೊಸ ಹೆಡ್, ಕಾಗದದಲ್ಲಿ ಹೆಡ್ ಕೆಲಸ. ಕವರ್ ಬೋಲ್ಟಿನ ಧೂಳಿನ ಮಾತು ತೆಗೆದೆ. ಅದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ, ಗಿರಾಕಿಗಳಿಗೆಲ್ಲ ಕೇಳಿಸುವ ಹಾಗೆ ದನಿ ಏರಿಸಿದರು. "ನೀವು ಮೊದ್ಲು ಕೈ ಹಾಕ್ದೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ ಸರ್? ಮಾಡೋಕೆ ಬರಲ್ಲ ಅಂದ್ರೆ ಯಾಕೆ ಮುಟ್ತೀರಾ?"

ಈ ಮಾತು ಈಗಲೂ ಚುಚ್ಚುತ್ತದೆ. ಯಾಕೆಂದರೆ ಅರ್ಧ ನಿಜ. ಥ್ರೆಡ್ ಕೆಡಿಸಿದ್ದು ನಾನು, ಒಪ್ಪುತ್ತೇನೆ. ಹಾಗಂತ ಇಲ್ಲದ ಹೆಡ್ಡಿಗೆ ನನ್ನಿಂದ ದುಡ್ಡು ಕೀಳಬಹುದಾ? ನನ್ನ ತಪ್ಪು ಬೇರೆ, ಅವರ ಮೋಸ ಬೇರೆ. ಅವತ್ತು ಅಲ್ಲಿ ನಿಂತಾಗ ಇದನ್ನು ಹೇಳೋಕೆ ಬಾಯಿ ಬರಲಿಲ್ಲ, ಸುಮ್ನೆ ಎದ್ದು ಬಂದೆ.

ನೀವು ಕೈ ಹಾಕುವ ಮುಂಚೆ ಒಂದು ಕೇಳಿಕೊಳ್ಳಿ: ತಪ್ಪಿದರೆ ಏನು ಹಾಳಾಗುತ್ತದೆ? ಏರ್ ಫಿಲ್ಟರ್ ತಪ್ಪಾಗಿ ಕೂತರೆ ತೆಗೆದು ಮತ್ತೆ ಹಾಕಬಹುದು. ಅಲ್ಯೂಮಿನಿಯಂ ಥ್ರೆಡ್, ಬ್ರೇಕ್, ಟೈಮಿಂಗ್ ಹಾಗಲ್ಲ. ಪ್ಲಗ್ ಹಾಕಲೇಬೇಕು ಅಂದರೆ ಎಂಜಿನ್ ತಣ್ಣಗಿರಲಿ, ಪ್ಲಗ್ ತಲೆಗೆ ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದಲೇ ತಿರುಗಿಸಿ. ಪ್ಲಗ್ ಓರೆಯಾಗಿ ಥ್ರೆಡ್ಡಿಗೆ ಹತ್ತಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೊನೆಯ ಬಿಗಿಗೆ ಟಾರ್ಕ್ ರೆಂಚ್ (ಎಷ್ಟು ಬಿಗಿದಿದ್ದೇವೆ ಅಂತ ತೋರಿಸುವ ಪಾನಾ) ಇಲ್ಲದಿದ್ದರೆ ಮುಟ್ಟಲೇಬೇಡಿ. ಎಷ್ಟು ಬಿಗಿ ಅನ್ನೋದು ಕಾರಿನ ಸರ್ವೀಸ್ ಮ್ಯಾನುಯಲ್‌ನಲ್ಲಿರುತ್ತದೆ.

ಕೆಡಿಸಿಕೊಂಡೇ ಹೋದಿರಿ ಅಂತಿಟ್ಟುಕೊಳ್ಳಿ. ಆಗಲೂ ಕೇಳಿ, ತಲೆ ತಗ್ಗಿಸಿ ನಿಲ್ಲಬೇಡಿ. ಯಾವ ಪಾರ್ಟ್ ಹೊಸದು ಅಂತ ಬರೆಸಿಕೊಳ್ಳಿ. ಹಳೇದು ನನಗೆ ಬೇಕು ಅಂತ ಕೆಲಸ ಶುರುವಾಗುವ ಮುಂಚೆಯೇ ಹೇಳಿ. ಕೊಡಲ್ಲ ಅಂದರೆ ಗಾಡಿ ವಾಪಸ್ ತನ್ನಿ.

ಹಿರಿಯರು ಈಗ ಬುಷ್ ಹಾಕಿಕೊಟ್ಟಿದ್ದಾರೆ, ಪ್ಲಗ್ ಗಟ್ಟಿಯಾಗಿ ಕೂತಿದೆ. ಸಿಲಿಂಡರಿನ ಗೀರಿಗೆ ಎಂಜಿನ್ ಬಿಚ್ಚದೆ ಏನೂ ಮಾಡೋಕಾಗಲ್ಲ, ಎಂಜಿನ್ ಎಣ್ಣೆ ತಿನ್ನುತ್ತಾ ನೋಡ್ತಾ ಇರಿ ಅಂದಿದ್ದಾರೆ. ವಾರಕ್ಕೊಮ್ಮೆ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡುತ್ತಿದ್ದೇನೆ. ಕಳೆದ ವಾರ ಮೇಲಿನ ಗುರುತಿಗಿಂತ ಸ್ವಲ್ಪ ಇಳಿದಿತ್ತು.