36 ಎಂದು ಬರೆದ ಪೇಪರ್ ಕಟಿಂಗ್ ನಂಬಿ ಖಣಕ್ಕೆ ಕತ್ತರಿ ಹಾಕಬೇಡಿ

ಮುಂಬೈ, ಠಾಣೆ, ಡೊಂಬಿವಲಿ, ಪುಣೆ ಕಡೆ ಮನೆಯಲ್ಲೇ ಬ್ಲೌಸ್ ಹೊಲಿಯುವವರು, ಅದರಲ್ಲೂ ಗಣಪತಿ, ನವರಾತ್ರಿ ಹತ್ತಿರ ಬಂದಾಗ ಆರ್ಡರ್ ಹಿಡಿಯುವವರು, ಕತ್ತರಿ ತೆಗೆಯುವ ಮುಂಚೆ ಇದನ್ನೊಮ್ಮೆ ಓದಿ.

ದಾದರ್‌ನ ಅಂಗಡಿಯೊಂದರಿಂದ ತಂದ ರೆಡಿಮೇಡ್ ಪೇಪರ್ ಕಟಿಂಗ್ ಸೆಟ್ (ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚುಗಳು) ಇಟ್ಟು ಕತ್ತರಿಸಿದ ಗುಳೇದಗುಡ್ಡದ ಖಣವೊಂದು ಪೂರ್ತಿ ಹಾಳಾಗಿದೆ. ಸೆಟ್ ಮೇಲೆ ದಪ್ಪಕ್ಷರದಲ್ಲಿ 36 ಎಂದಿತ್ತು. ತೊಡುವವರ ಎದೆ ಸುತ್ತಳತೆಯೂ ಸರಿಯಾಗಿ 36 ಇಂಚು. ಹೊಲಿದು ಮುಗಿಸಿದ ಬ್ಲೌಸ್ ಮಾತ್ರ 34. ಹುಕ್ಕು ಕೂಡಲಿಲ್ಲ, ಟಕ್ಸ್ (ಎದೆಯ ಆಕಾರಕ್ಕೆ ಬಟ್ಟೆ ಮಡಿಸಿ ಹಾಕುವ ಹೊಲಿಗೆ) ತುದಿ ಎದೆಯ ಮೇಲ್ಭಾಗದಲ್ಲಿ ಉಬ್ಬಿಕೊಂಡಿತು, ತೋಳು ಭುಜದ ಹತ್ತಿರ ಸುಕ್ಕುಗಟ್ಟಿತು. ಮಾಮೂಲಿ ಹತ್ತಿ ಬಟ್ಟೆಯಾಗಿದ್ದರೆ ಇನ್ನೊಂದು ಪೀಸ್ ತರಬಹುದಿತ್ತು. ಖಣದಲ್ಲಿ ದಡಿಯನ್ನು ತೋಳಿಗೆ ಹೊಂದಿಸಿಯೇ ಕತ್ತರಿಸಬೇಕು, ಬುಟ್ಟಾಗಳನ್ನು ತಲೆಕೆಳಗು ಮಾಡುವಂತಿಲ್ಲ. 80 ಸೆಂಟಿಮೀಟರ್ ಪೀಸ್‌ನಲ್ಲಿ ಮತ್ತೊಂದು ಮುಂಭಾಗ ತೆಗೆಯುವಷ್ಟು ಬಟ್ಟೆ ಉಳಿಯುವುದಿಲ್ಲ. ಅದೇ ಬಣ್ಣ, ಅದೇ ದಡಿ ಹುಡುಕಿಕೊಂಡು ಪುಣೆಯ ಲಕ್ಷ್ಮೀ ರಸ್ತೆ ಪೂರ್ತಿ ಸುತ್ತಿದರೂ ಸಿಕ್ಕೇ ಸಿಗುತ್ತದೆ ಎನ್ನುವ ಹಾಗಿಲ್ಲ.

ಆ ಕಾಗದವನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿದಾಗ ಕಾರಣ ಗೊತ್ತಾಯಿತು. ಎದೆಯ ಸಾಲಿನಲ್ಲಿ ಮಧ್ಯದ ಗೆರೆಯಿಂದ ಪಕ್ಕದ ಅಂಚಿನವರೆಗೆ 10 ಇಂಚು. ಅಂದರೆ 36ರ ಕಾಲುಭಾಗ 9, ಜೊತೆಗೆ ಹೊಲಿಗೆಗೆಂದು ಬಿಡುವ 1 ಇಂಚು ಮಾರ್ಜಿನ್. ಇದನ್ನು ಸೆಟ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಪಕ್ಕಕ್ಕೆ 1½ ಇಂಚು ಬಿಟ್ಟು ಹೊಲಿಯುವ ರೂಢಿಯವರು ಹಾಗೆಯೇ ಹೊಲಿದರೆ 8½ ಉಳಿಯಿತು, ಅದರ ನಾಲ್ಕು ಪಟ್ಟು 34. ಒಂದೇ ಇಂಚು ಬಿಟ್ಟು ಹೊಲಿದಿದ್ದರೂ ಪೂರ್ತಿ ಸರಿಹೋಗುತ್ತಿರಲಿಲ್ಲ. 36ರ ಮೈಗೆ 36ರ ಬ್ಲೌಸ್ ಹಾಕಿ ಒಳಗೆ ಲೈನಿಂಗ್ ಕೊಟ್ಟರೆ ಕೈ ಎತ್ತುವುದಕ್ಕೂ ಸಡಿಲ ಇರುವುದಿಲ್ಲ. ಬಿಗಿಯಾದ ಸೀರೆ ಬ್ಲೌಸ್‌ಗೂ ಒಟ್ಟು 1 ಇಂಚು ಸಡಿಲ ಬೇಕು.

ಟಕ್ಸ್ ಪಾಯಿಂಟ್, ಅಂದರೆ ಎದೆಯ ಬಿಂದು, ಕಾಗದದಲ್ಲಿ ಭುಜದಿಂದ 9½ ಇಂಚಿಗಿತ್ತು, ತೊಡುವವರದು 10½. ಟಕ್ಸ್ ತುದಿ ಎದೆಯ ಬಿಂದುವಿಗೆ ಸುಮಾರು ಅರ್ಧ ಇಂಚು ಮುಂಚೆ ನಿಲ್ಲಬೇಕು. ಒಂದು ಇಂಚು ಮೇಲೇರಿದರೆ ಬಟ್ಟೆ ಬೇಡದ ಕಡೆ ಉಬ್ಬುತ್ತದೆ, ಬೇಕಾದ ಕಡೆ ಬಿಗಿಯುತ್ತದೆ. ಇಸ್ತ್ರಿಯಿಂದ ಇದನ್ನು ಸರಿಮಾಡಲಾಗದು. ತೋಳಿನ ಲೆಕ್ಕವೂ ತಪ್ಪಿತ್ತು. ಕಂಕುಳ ಸುತ್ತು 15½, ತೋಳಿನ ಮೇಲಿನ ಕಮಾನು 17. ಸೀರೆ ಬ್ಲೌಸ್‌ನಲ್ಲಿ ಕಮಾನು ಅರ್ಧ ಇಂಚು ಹೆಚ್ಚಿದ್ದರೆ ಸಾಕು. ಒಂದೂವರೆ ಇಂಚು ಹೆಚ್ಚಿದ್ದರೆ ಅದು ಭುಜದ ಮೇಲೆ ಸುಕ್ಕಾಗಿಯೇ ತೀರುತ್ತದೆ. ಈ ಎರಡನ್ನೂ ಅಳೆಯುವಾಗ ಟೇಪನ್ನು ಅದರದೇ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಹೊಲಿಗೆ ಬೀಳುವ ಗೆರೆಯ ಮೇಲೆಯೇ ತಿರುಗಿಸಿ. ಕತ್ತರಿಸುವ ಗೆರೆಯ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ.

ಒಂದೇ ಸೆಟ್ ಹಾಳು ಎಂದು ಬಿಡುವಂತಿಲ್ಲ, ಏಕೆಂದರೆ ಈ ತಪ್ಪಿಗೆ ಇನ್ನೊಂದು ಮೂಲವಿದೆ. ಒಂದು ಸೈಜಿನ ಕಟಿಂಗನ್ನು ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿ ಮೇಲಿನ ಸೈಜ್ ಎಂದು ಬಳಸುವವರಿದ್ದಾರೆ. 36ನ್ನು 40 ಮಾಡಲು 111 ಪ್ರತಿಶತ ಹಿಗ್ಗಿಸಿದರೆ 14 ಇಂಚಿನ ಭುಜ 15½ ದಾಟುತ್ತದೆ, 7 ಇಂಚಿನ ಕತ್ತು ಮುಕ್ಕಾಲು ಇಂಚು ಇನ್ನೂ ಕೆಳಗಿಳಿಯುತ್ತದೆ. ಮೈ ಹಾಗೆ ಬೆಳೆಯುವುದಿಲ್ಲ. ಎದೆ 4 ಇಂಚು ಹೆಚ್ಚಾದವರಿಗೂ ಭುಜ ಅರ್ಧ ಇಂಚಿನ ಆಸುಪಾಸಿನಲ್ಲೇ ಹೆಚ್ಚುವುದು. ಆ ಬ್ಲೌಸ್ ಎದೆಗೆ ಕೂತರೂ ಭುಜದಿಂದ ಜಾರುತ್ತಲೇ ಇರುತ್ತದೆ.

ವಿದೇಶಿ ಪ್ಯಾಟರ್ನ್ ಬಳಸುವವರಿಗೆ ಬೇರೆ ಅಪಾಯ. ಸಿಂಪ್ಲಿಸಿಟಿ, ಮೆಕ್‌ಕಾಲ್ಸ್, ಬಟರಿಕ್, ವೋಗ್ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ 1.5 ಸೆಂಟಿಮೀಟರ್ ಮಾರ್ಜಿನ್ ಸೇರಿಸಿಯೇ ಗೆರೆ ಹಾಕಿರುತ್ತಾರೆ. ಬುರ್ಡಾ ಪತ್ರಿಕೆಯ ಹಾಳೆಯಲ್ಲಿ ಮಾರ್ಜಿನ್ ಇರುವುದಿಲ್ಲ, ನಾವೇ ಸೇರಿಸಬೇಕು. ಸಿಂಪ್ಲಿಸಿಟಿಯಂಥವುಗಳಲ್ಲಿ 36 ಇಂಚಿನ ಎದೆಗೆ ಸೈಜ್ 14. ಮಾಲ್‌ನಲ್ಲಿ ಕೊಳ್ಳುವ ಡ್ರೆಸ್ಸಿನ ನಂಬರಿಗೂ ಇದಕ್ಕೂ ಸಂಬಂಧವಿಲ್ಲ. ಇಷ್ಟಾದರೂ ಆ ಮೊದಲ ನಾಲ್ಕು ಹೆಸರಿನ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಮೈ ಅಳತೆ, ಸಿದ್ಧ ಉಡುಪಿನ ಅಳತೆ ಎರಡೂ ಮುದ್ರಿತವಾಗಿರುತ್ತವೆ. ನಮ್ಮ ಪೇಟೆಯ ಸೆಟ್‌ಗಳಲ್ಲಿ ಆ ಎರಡು ಸಾಲು ಇದ್ದಿದ್ದರೆ ಎಷ್ಟು ಬಟ್ಟೆ ಉಳಿಯುತ್ತಿತ್ತು!

ಪಿಡಿಎಫ್ ಕೊಂಡು ಮನೆಯಲ್ಲೇ ಪ್ರಿಂಟ್ ತೆಗೆಯುವುದಾದರೆ ‘ಫಿಟ್ ಟು ಪೇಜ್’ ತೆಗೆದು ‘ಆ್ಯಕ್ಚುಯಲ್ ಸೈಜ್’ ಅಥವಾ 100 ಪ್ರತಿಶತ ಇಡಿ. ಅಮೆರಿಕದ ಲೆಟರ್ ಕಾಗದದ ಅಗಲ 216 ಮಿಲಿಮೀಟರ್, ನಮ್ಮ ಎ4 ಅಗಲ 210. ಪ್ರಿಂಟರ್ ತಾನಾಗಿಯೇ ಕುಗ್ಗಿಸಿಬಿಡುತ್ತದೆ. ಮೊದಲು ಅಳತೆಯ ಚೌಕವಿರುವ ಹಾಳೆಯೊಂದನ್ನೇ ತೆಗೆದು ಸ್ಕೇಲ್ ಇಟ್ಟು ನೋಡಿ. 10 ಸೆಂಟಿಮೀಟರ್ ಇರಬೇಕಾದ ಚೌಕ 9.6 ಬಂದರೆ 38 ಇಂಚಿನ ಕುರ್ತಾದಲ್ಲಿ ಒಂದೂವರೆ ಇಂಚು ಹೋಯಿತೆಂದೇ ಲೆಕ್ಕ. ಕಟ್ಟಡದ ನಕ್ಷೆ ಪ್ರಿಂಟ್ ಮಾಡಿಕೊಡುವ ಪ್ಲಾಟರ್ ಅಂಗಡಿಯಲ್ಲಿ ಎ0 ಹಾಳೆಯಲ್ಲಿ ತೆಗೆಸಿದರೆ ಅಂಟಿಸುವ ಕೆಲಸ ತಪ್ಪುತ್ತದೆ. ಚೌಕ ಅಳೆಯುವುದು ಅಲ್ಲಿಯೂ ತಪ್ಪದು.

ಹಾಗಾದರೆ ಅಳತೆ ತೆಗೆದು ನಾವೇ ಕಾಗದದ ಮೇಲೆ ಗೆರೆ ಹಾಕಿ ಸ್ವಂತ ಡ್ರಾಫ್ಟ್ ಮಾಡಿದರೆ ಭಯವಿಲ್ಲವೇ? ಬ್ಲೌಸ್ ಮಟ್ಟಿಗೆ ಸ್ವಂತ ಡ್ರಾಫ್ಟೇ ಮೇಲು, ಆದರೆ ಎದೆಯ ಒಂದೇ ಅಳತೆಯನ್ನು ನಾಲ್ಕರಿಂದ ಭಾಗಿಸಿ ಹಿಂದೆ ಮುಂದೆ ಒಂದೇ ಅಗಲ ಇಟ್ಟರೆ ರೆಡಿಮೇಡ್ ಸೆಟ್‌ನ ತಪ್ಪೇ ಮರುಕಳಿಸುತ್ತದೆ. ಕಂಕುಳ ಕೆಳಗಿಂದ ಎದೆಯ ಮೇಲಕ್ಕೆ ಟೇಪು ಸುತ್ತಿ ಮೇಲೆದೆಯ ಅಳತೆಯನ್ನೂ ತೆಗೆದುಕೊಳ್ಳಿ. ಎದೆ 36, ಮೇಲೆದೆ 33 ಇದ್ದವರಿಗೆ ಹಿಂಭಾಗ 8¾, ಮುಂಭಾಗ 9¾ ಇಡಿ. ಎರಡರ ಮೊತ್ತದ ದುಪ್ಪಟ್ಟು 37, ಸಡಿಲ ಅದರಲ್ಲೇ ಬಂತು. ಆಮೇಲೆ ಪಕ್ಕಕ್ಕೆ 1½, ಭುಜ ಮತ್ತು ಕಂಕುಳಿಗೆ ½, ಕತ್ತಿಗೆ ¼, ಕೆಳಗೆ ಮಡಿಸಲು 1 ಇಂಚು ಮಾರ್ಜಿನ್ ಸೇರಿಸಿ. ಹೊಲಿಗೆಯ ಗೆರೆ ಒಂದು ಬಣ್ಣ, ಕತ್ತರಿಯ ಗೆರೆ ಇನ್ನೊಂದು ಬಣ್ಣ ಇರಲಿ. ಬಟ್ಟೆಯ ಉದ್ದನೆಯ ಎಳೆ ಎತ್ತ ಹೋಗಬೇಕು ಎಂಬ ಬಾಣದ ಗುರುತನ್ನು ಪ್ರತಿ ತುಂಡಿನ ಮೇಲೂ ಹಾಕಿ. ಎದೆಗೆ ಬಟ್ಟಲಿನಂಥ ಬೇರೆ ತುಂಡು ಕೂಡಿಸುವ ಕಟೋರಿ ಬ್ಲೌಸ್‌ನಲ್ಲಿ ಈ ಬಾಣ ಇಲ್ಲದಿದ್ದರೆ ಕ್ರಾಸ್ (ಎಳೆಗೆ ಓರೆಯಾಗಿ) ಬರಬೇಕಾದ ಕಟೋರಿ ನೇರ ಬಂದುಬಿಡುತ್ತದೆ.

ಹಳೆಯ ಅಳತೆ ಬ್ಲೌಸ್ ನೋಡಿ ಡ್ರಾಫ್ಟ್ ತೆಗೆಯುವವರು ಇನ್ನೂ ಜಾಗ್ರತೆ ವಹಿಸಬೇಕು. ಬಹಳ ಸಲ ಒಗೆದು ಕತ್ತು, ಕಂಕುಳು ಹಿಗ್ಗಿರುತ್ತವೆ, ಟಕ್ಸ್ ಹೊಲಿದ ಮುಂಭಾಗ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುವುದೇ ಇಲ್ಲ. ಉದ್ದ, ತೋಳಿನ ಉದ್ದ, ಕತ್ತಿನ ಆಳಕ್ಕೆ ಅದು ಸಾಕು. ಟಕ್ಸ್ ಪಾಯಿಂಟ್, ಎದೆಯ ಎರಡು ಬಿಂದುಗಳ ನಡುವಿನ ಅಂತರ, ಎದೆ, ಮೇಲೆದೆ ಇವನ್ನು ಮೈ ಮೇಲೆಯೇ, ದಿನವೂ ಧರಿಸುವ ಬ್ರಾ ಹಾಕಿಕೊಂಡೇ ಅಳೆಯಿರಿ.

ಕಾಗದ ಕೊಂಡದ್ದಾಗಲಿ, ಬರೆದದ್ದಾಗಲಿ, ಮೊದಲ ಸಲ ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆಯಲ್ಲೇ ಹೊಲಿದು ನೋಡಿ. ಬಟ್ಟೆಯನ್ನು ನೆನೆಸಿ ಒಣಗಿಸಿ, ಮಷೀನ್‌ನ ಹೊಲಿಗೆ ಉದ್ದ 4ಕ್ಕೆ ಇಟ್ಟು, ಒಂದೇ ತೋಳು ಜೋಡಿಸಿದರೂ ಸಾಕು. ತೊಟ್ಟು ಕೈ ಮೇಲೆತ್ತಿ, ಮುಂದಕ್ಕೆ ಬಗ್ಗಿ, ಕೂತು ನೋಡಿ. ಲೈನಿಂಗ್‌ನ ಹತ್ತಿಯನ್ನೂ ನೆನೆಸದೆ ಕತ್ತರಿಸಬೇಡಿ. ಮೊದಲ ಒಗೆತಕ್ಕೆ ಅದು ಕುಗ್ಗಿದರೆ ಮೇಲಿನ ಖಣ ಸಡಿಲಾಗಿ ಜೋತುಬೀಳುತ್ತದೆ.

ಅಂಗಡಿಯಲ್ಲಿ ಪೇಪರ್ ಸೆಟ್ ಕೊಳ್ಳುವುದಾದರೆ ದುಡ್ಡು ಕೊಡುವ ಮುಂಚೆ ಬಿಡಿಸಿ ತೋರಿಸಲು ಹೇಳಿ, ಮಾರ್ಜಿನ್ ಸೇರಿದೆಯೇ ಎಂದು ಕೇಳಿ, ಚೀಲದಲ್ಲಿ ಟೇಪು ಇಟ್ಟುಕೊಂಡು ಎದೆಯ ಸಾಲನ್ನು ಅಲ್ಲೇ ಅಳೆಯಿರಿ. ಬಿಡಿಸಲು ಒಪ್ಪದ ಅಂಗಡಿಯ ಸೆಟ್ ಬೇಡ.

ಈಗಾಗಲೇ ಕತ್ತರಿಸಿ ಬ್ಲೌಸ್ ಚಿಕ್ಕದಾಗಿದ್ದರೆ ಎಸೆಯಬೇಡಿ. ಮೊದಲು ಪಕ್ಕದ ಹೊಲಿಗೆ ಬಿಚ್ಚಿ, ಅರ್ಧ ಇಂಚು ಮಾತ್ರ ಮಾರ್ಜಿನ್ ಇಟ್ಟು ಮತ್ತೆ ಹೊಲಿಯಿರಿ. 1½ ಇಂಚು ಬಿಟ್ಟಿದ್ದರೆ ನಾಲ್ಕು ಅಂಚುಗಳಿಂದ ಒಟ್ಟು 4 ಇಂಚು ಸಿಗುತ್ತದೆ. ಆಗ ಕಂಕುಳ ಸುತ್ತು ದೊಡ್ಡದಾಗುವುದರಿಂದ ತೋಳಿನ ಒಳ ಹೊಲಿಗೆಯನ್ನೂ ಅಷ್ಟೇ ಬಿಡಿಸಬೇಕು. ಮಾರ್ಜಿನ್ ಕತ್ತರಿಸಿ ಹೋಗಿದ್ದರೆ ಉಳಿದ ಚೂರಿನಿಂದ ಕಂಕುಳಿನಿಂದ ಸೊಂಟದವರೆಗೆ ಎರಡೂ ಪಕ್ಕಕ್ಕೆ ಒಂದೊಂದು ಪಟ್ಟಿ ಕೂಡಿಸಿ. ಹೊಲಿಗೆ ಮುಗಿದ ಮೇಲೆ ಒಂದೊಂದೂ ಒಂದೂವರೆ ಇಂಚು ಅಗಲ ಉಳಿಯಲಿ. ಖಣದ ಚೂರು ಸಾಲದಿದ್ದರೆ ದಡಿಯ ಬಣ್ಣದ ಸಾದಾ ರೇಷ್ಮೆಯೂ ನಡೆಯುತ್ತದೆ. ಸೀರೆ ಉಟ್ಟಾಗ ಸೆರಗಿನ ಪಕ್ಕದ ಪಟ್ಟಿ ಕಾಣುವುದಿಲ್ಲ, ಇನ್ನೊಂದು ಪಕ್ಕದ್ದು ತೋಳಿನ ಕೆಳಗೆ ಮುಚ್ಚಿಹೋಗುತ್ತದೆ.