ಹತ್ತು ಸಾವಿರ ಲಕ್ಸ್‌ನ ಬೆಳಕಿನ ಪೆಟ್ಟಿಗೆ: ಎರಡು ಚಳಿಗಾಲಗಳ ಬಳಕೆಯ ನಂತರ

ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ಮೂರನೆಯ ವಾರ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂ ಮುಕ್ಕಾಲರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ ಮೂರಕ್ಕೂ ಮೊದಲು. ಹಗಲೆಂದು ಸಿಗುವುದು ಸುಮಾರು 6 ಗಂಟೆ. ಅದೂ ಎಷ್ಟೋ ದಿನ ಮೋಡದ ಮರೆಯಲ್ಲೇ ಕಳೆದುಹೋಗುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ ದಾಟುತ್ತದೆ, ಅತಿ ದೊಡ್ಡ ಹಗಲಿಗೂ ಅದಕ್ಕೂ ಇರುವ ಅಂತರ ಒಂದೂವರೆ ಗಂಟೆಯಷ್ಟೇ. ಅಲ್ಲಿ ಹುಟ್ಟಿ ಬೆಳೆದ ನನಗೆ ದಕ್ಷಿಣಾಯನ, ಉತ್ತರಾಯಣಗಳು ಪಂಚಾಂಗದ ಮಾತುಗಳಾಗಿದ್ದವೇ ಹೊರತು ಮೈಗೆ ತಿಳಿಯುವ ಸಂಗತಿಗಳಾಗಿರಲಿಲ್ಲ. ಇಲ್ಲಿಯ ಮೊದಲ ಚಳಿಗಾಲದಲ್ಲಿ ಮೈಗೂ ತಿಳಿಯಿತು. ನವೆಂಬರ್ ಬಂದೊಡನೆ ಹಾಸಿಗೆ ಬಿಟ್ಟೇಳಲಾಗದ ಜಡ, ಹತ್ತು ಗಂಟೆ ಮಲಗಿದರೂ ತೀರದ ನಿದ್ದೆ, ಅನ್ನದ ಮೇಲೂ ಸಿಹಿಯ ಮೇಲೂ ಎಂದೂ ಇಲ್ಲದ ಆಸೆ, ಯಾರೊಡನೆಯೂ ಮಾತು ಬೇಡವೆನಿಸುವ ಮಂಕು. ಮರುವರ್ಷವೂ ಅದೇ ತಿಂಗಳು, ಅದೇ ಕ್ರಮದಲ್ಲಿ ಇವೆಲ್ಲ ಮರುಕಳಿಸಿದಾಗ ವೈದ್ಯರ ಬಳಿಗೆ ಹೋದೆ. ಋತುಮಾನದ ಖಿನ್ನತೆಯ ಸೌಮ್ಯ ರೂಪವಿದು ಎಂದು ಹೇಳಿದ ಅವರು, ನನ್ನ ಕಣ್ಣಿಗೆ ತೊಂದರೆಯೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಬೆಳಕಿನ ಪೆಟ್ಟಿಗೆಯೊಂದನ್ನು ಬಳಸಿ ನೋಡಬಹುದೆಂದರು. ಹಾಗೆ ಕೊಂಡ ಪೆಟ್ಟಿಗೆಯ ಬಗೆಗಿನ ಬರಹ ಇದು. ಇದೇ ಬಗೆಯ ಹತ್ತಾರು ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿದ್ದು, ಇಲ್ಲಿಯ ಮಾತುಗಳು ಬಹುತೇಕ ಎಲ್ಲಕ್ಕೂ ಸಲ್ಲುವುದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ.

ಬೆಲೆ 1,400 ಸ್ವೀಡಿಷ್ ಕ್ರೋನರ್. ಎರಡು ನೋಟುಬುಕ್ಕುಗಳನ್ನು ಜೋಡಿಸಿಟ್ಟಷ್ಟು ಅಗಲದ ಬಿಳಿಯ ಫಲಕ, ಹಿಂದೆ ಮಡಚಬಲ್ಲ ಕಾಲು, ಒಂದೇ ಗುಂಡಿ. ಅರ್ಧ ಗಂಟೆಗೆ ತಾನೇ ಆರುವ ಟೈಮರ್ ಇದೆ. ಬೆಳಕು ಮಿನುಗುವುದಿಲ್ಲ, ಸದ್ದಿಲ್ಲ, ಫಲಕ ಬಿಸಿಯಾಗುವುದಿಲ್ಲ. ಎಲ್‌ಇಡಿಗಳ ಮುಂದೆ ಮಂದವಾದ ಹಾಳೆಯನ್ನು ಹೊದಿಸಿರುವುದರಿಂದ ಕಣ್ಣಿಗೆ ಚುಚ್ಚುವುದೂ ಇಲ್ಲ. ಅತಿನೇರಳೆ ಕಿರಣಗಳು ಇದರಿಂದ ಹೊರಡುವುದಿಲ್ಲ. ಆದ್ದರಿಂದ ವಿಟಮಿನ್ ಡಿ ಸಿಗುತ್ತದೆಂದು ನಂಬಿ ಕೊಳ್ಳುವವರು ಅದಕ್ಕೆ ಬೇರೆ ದಾರಿಯನ್ನೇ ನೋಡಿಕೊಳ್ಳಬೇಕು.

ನನ್ನ ದೂರು ಇರುವುದು ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿರುವ 10,000 ಎಂಬ ಸಂಖ್ಯೆಯ ಬಗ್ಗೆ. ಲಕ್ಸ್ ಎಂಬುದು ದೀಪದ ಶಕ್ತಿಯ ಅಳತೆಯಲ್ಲ, ಒಂದು ಜಾಗಕ್ಕೆ ಬಂದು ಬೀಳುವ ಬೆಳಕಿನ ಅಳತೆ. ಆದ್ದರಿಂದ ಎಷ್ಟು ದೂರದಲ್ಲಿ ಎಂದು ಹೇಳದೆ ಲಕ್ಸ್ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಮೊದಲ ವಾರಗಳಲ್ಲಿ ಪೆಟ್ಟಿಗೆಯನ್ನು ಊಟದ ಮೇಜಿನ ಆಚೆ ತುದಿಗೆ ಇಟ್ಟು, ಅರ್ಧ ಗಂಟೆ ಕುಳಿತು, ಏನೂ ಆಗುತ್ತಿಲ್ಲವಲ್ಲ ಎಂದು ಕೊರಗುತ್ತಿದ್ದೆ. ಛಾಯಾಗ್ರಹಣ ಮಾಡುವ ಗೆಳೆಯರೊಬ್ಬರಿಂದ ಬೆಳಕು ಅಳೆಯುವ ಮೀಟರ್ ತಂದು, ಮುಖವಿರುವ ಜಾಗದಲ್ಲಿ ಹಿಡಿದು ನೋಡಿದಾಗ ವಿಷಯ ಬಯಲಾಯಿತು. ಫಲಕದಿಂದ 20 ಸೆಂಟಿಮೀಟರ್ ದೂರದಲ್ಲಿ ಸುಮಾರು 9,800, 30ರಲ್ಲಿ 5,300, 50ರಲ್ಲಿ, ಅಂದರೆ ಯಾರಾದರೂ ಸಹಜವಾಗಿ ಕೂರುವ ದೂರದಲ್ಲಿ, 2,100 ಮಾತ್ರ. ಮೇಜಿನ ಆಚೆ ತುದಿಯ ಲೆಕ್ಕ ಕೇಳುವುದೇ ಬೇಡ. ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆಯ ಕಾಲಿನಂಥ ಅಕ್ಷರದಲ್ಲಿ, 20 ಸೆಂಟಿಮೀಟರ್ ಎಂದು ಬರೆದಿತ್ತು. ತಮ್ಮ ವಸ್ತುವಿನ ಪರಿಣಾಮವೆಲ್ಲ ನಿಂತಿರುವ ಒಂದು ಮಾತನ್ನು ಹೀಗೆ ಮೂಲೆಗೆ ತಳ್ಳುವುದು ನನಗೆ ಸರಿಯೆನಿಸಲಿಲ್ಲ. ಕುಗ್ಗಿದ ಮನಸ್ಸಿನವರು ಕೊಳ್ಳುವ ವಸ್ತುವಿದು. ಫಲ ಕಾಣದಿದ್ದರೆ ಅವರು ದೂರುವುದು ಪೆಟ್ಟಿಗೆಯನ್ನಲ್ಲ, ತಮ್ಮನ್ನೇ. ಹೆಚ್ಚು ಬೆಲೆಯ, ದೊಡ್ಡ ಫಲಕದ ಮಾದರಿಗಳು ಇನ್ನೂ ದೂರದಲ್ಲಿಯೂ ಇಷ್ಟೇ ಬೆಳಕು ಕೊಡುತ್ತವೆ. ಈಗ ಕೊಳ್ಳುವುದಾದರೆ ನಾನು ಅಂಥದ್ದನ್ನೇ ಆರಿಸುತ್ತಿದ್ದೆ.

ಇಷ್ಟೊಂದು ಬೆಳಕು ಏಕೆ ಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು 1980ರಲ್ಲಿ. ಮನೆಯ ದೀಪ ಬೀರುವುದು ಒಂದೆರಡು ನೂರು ಲಕ್ಸ್. ಕಣ್ಣಿಗೆ ಓದಲು ಅದು ಸಾಕು. ಆದರೆ ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಒಸರಿ, ಇರುಳಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಮನುಷ್ಯರಲ್ಲಿ ತಡೆಯಲು 500 ಲಕ್ಸ್ ಸಾಲದೆ, 2,500 ಲಕ್ಸ್ ಬೇಕಾಯಿತೆಂದು ಅಮೆರಿಕದ ಸಂಶೋಧಕ ಆಲ್ಫ್ರೆಡ್ ಲೂಯಿ ಮತ್ತು ಅವರ ಸಂಗಡಿಗರು ಆ ವರ್ಷ ತೋರಿಸಿದರು. ಅದೇ ಗುಂಪಿನ ಜೊತೆಗಿದ್ದ ಮನೋವೈದ್ಯ ನಾರ್ಮನ್ ರೋಸೆಂತಾಲ್ 1984ರಲ್ಲಿ ಈ ಋತುಮಾನದ ಖಿನ್ನತೆಯನ್ನು ಮೊದಲ ಬಾರಿಗೆ ಹೆಸರಿಟ್ಟು ವಿವರಿಸಿದರು. ಅವರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕಿಗೆ ಬಂದವರು, ಅಲ್ಲಿಯ ಚಳಿಗಾಲದಲ್ಲಿ ತಾವೇ ಕುಗ್ಗಿದವರು ಎಂದು ತಿಳಿದಾಗ, ಬಿಸಿಲ ನಾಡಿನಿಂದ ಬಂದ ನನಗೆ ದೊಡ್ಡ ಸಮಾಧಾನ ಸಿಕ್ಕಿತು. ನೋಡುವ ಕೆಲಸಕ್ಕಲ್ಲದೆ, ಹಗಲೋ ಇರುಳೋ ಎಂದು ಮಿದುಳಿಗೆ ತಿಳಿಸಲೆಂದೇ ಕಣ್ಣಿನ ಹಿಂಪೊರೆಯಲ್ಲಿ ಬೇರೆಯ ಜೀವಕೋಶಗಳಿವೆಯೆಂಬುದು ಸ್ಪಷ್ಟವಾದದ್ದು 2002ರಲ್ಲಿ. ಪೆಟ್ಟಿಗೆಯನ್ನು ದಿಟ್ಟಿಸಬೇಕಾಗಿಲ್ಲ, ಕಣ್ಣು ತೆರೆದು ಎದುರಿಗಿದ್ದರೆ ಸಾಕು ಎನ್ನುವುದು ಆ ಕೋಶಗಳ ಕಾರಣದಿಂದಲೇ.

ದೂರದ ತಪ್ಪನ್ನು ತಿದ್ದಿಕೊಂಡ ಮೇಲೆ ಇನ್ನೊಂದು ತಪ್ಪು ಮಾಡಿದೆ. ಬೆಳಗ್ಗೆ ಕೆಲಸದ ಗಡಿಬಿಡಿಯೆಂದು ಪೆಟ್ಟಿಗೆಯ ಮುಂದೆ ರಾತ್ರಿ ಎಂಟಕ್ಕೆ ಕೂರತೊಡಗಿದೆ. ವಾರದೊಳಗೆ ನಿದ್ದೆ ಹನ್ನೊಂದರಿಂದ ಒಂದೂವರೆಗೆ ಸರಿಯಿತು, ಬೆಳಗಿನ ಜಡ ಇಮ್ಮಡಿಯಾಯಿತು. ನಿದ್ದೆ, ಎಚ್ಚರಗಳ ಹೊತ್ತನ್ನು ನಿಗದಿಮಾಡುವ ಮನುಷ್ಯನ ಒಳಗಡಿಯಾರ ಸರಾಸರಿ 24 ಗಂಟೆ 11 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆಂದು 1999ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಕಂಡುಕೊಂಡರು. ಅಂದರೆ ಬಿಟ್ಟರೆ ಅದು ದಿನದಿನವೂ ತುಸು ಹಿಂದೆ ಬೀಳುತ್ತದೆ, ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತಂದು ಸರಿಪಡಿಸುತ್ತದೆ. ರಾತ್ರಿಯ ಬೆಳಕು ಮಾಡುವುದು ಇದರ ವಿರುದ್ಧದ ಕೆಲಸವನ್ನು. ನಾನು 1,400 ಕ್ರೋನರ್ ಕೊಟ್ಟು ನನ್ನ ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದೆ. ಇದೇ ಒಳಗಡಿಯಾರವನ್ನು ನಮ್ಮ ದೇಶದಲ್ಲಿ ಅಭ್ಯಾಸ ಮಾಡಿದ ಮರೋಳಿ ಕೃಷ್ಣಯ್ಯ ಚಂದ್ರಶೇಖರನ್ ಅವರನ್ನು ಇಲ್ಲಿ ನೆನೆಯಬೇಕು. ಮದುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಅವರು ಗುಹೆಯ ಬಾವಲಿಗಳ ದಿನಚರಿಯನ್ನು ಅಭ್ಯಾಸ ಮಾಡಿದರು. ಹೊತ್ತು ತಿಳಿಯದಂತೆ ಮನುಷ್ಯರು ದಿನಗಟ್ಟಲೆ ಇರಬಹುದಾದ ಕೋಣೆಗಳನ್ನೂ ಅಲ್ಲಿ ಕಟ್ಟಿಸಿದರು. ಬಳಿಕ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ದುಡಿದರು. ಕನ್ನಡದಲ್ಲಿ ಅವರ ಬಗ್ಗೆ ಇನ್ನಷ್ಟು ಬರಹಗಳು ಬರಬೇಕು.

ಬೆಳಗ್ಗೆ ಏಳಕ್ಕೆ, 20 ಸೆಂಟಿಮೀಟರ್ ಬಳಿಯಲ್ಲಿ, ಅರ್ಧ ಗಂಟೆ: ಈ ಮೂರೂ ಕೂಡಿಬಂದ ಮೇಲೆ ಹತ್ತನೆಯ ದಿನದ ಹೊತ್ತಿಗೆ ಬದಲಾವಣೆ ಕಂಡಿತು. ಮೊದಲು ಸರಿಹೋದದ್ದು ಏಳುವ ಕಷ್ಟ, ಆಮೇಲೆ ಸಿಹಿಯ ಆಸೆ. ಮಂಕು ಪೂರ್ತಿ ಹೋಗಲಿಲ್ಲ, ತೆಳುವಾಯಿತು. ಆ ಅರ್ಧ ಗಂಟೆಯಲ್ಲೇ ಅಮ್ಮನಿಗೆ ವಿಡಿಯೊ ಕರೆ ಮಾಡುತ್ತೇನೆ. ಊರಿನಲ್ಲಿ ಆಗ ಹನ್ನೊಂದೂವರೆ. ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಒಣಗಿಸುವ ಅಮ್ಮನ ಹಿಂದೆ ಬಿಸಿಲು ಎಷ್ಟಿರುತ್ತದೆಂದರೆ ಫೋನಿನ ಪರದೆ ಬೆಳ್ಳಗಾಗಿ ಮುಖವೇ ಕಾಣುವುದಿಲ್ಲ, ಬಳೆಯ ಸದ್ದು ಮಾತ್ರ ಕೇಳುತ್ತದೆ. ಬಿರುಬಿಸಿಲಿನ ನಡುಹಗಲು ಸುಮಾರು ಒಂದು ಲಕ್ಷ ಲಕ್ಸ್. ನನ್ನ ಪೆಟ್ಟಿಗೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತರೂ ಸಿಗುವುದು ಅದರ ಹತ್ತನೆಯ ಒಂದು ಪಾಲು.

ಇದು ಬರಿಯ ನಂಬಿಕೆಯ ಫಲವಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಕೆನಡಾದಲ್ಲಿ 96 ಮಂದಿಯ ಮೇಲೆ 8 ವಾರ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಬೆಳಕಿನೊಡನೆ ಹುಸಿ ಮಾತ್ರೆಯನ್ನೂ, ಉಳಿದವರಿಗೆ ಮಂದ ಬೆಳಕಿನೊಡನೆ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ನಿಜವಾದ ಮಾತ್ರೆಯನ್ನೂ ಕೊಟ್ಟರು. ಎರಡೂ ಗುಂಪುಗಳು ಸಮಸಮವಾಗಿ ಚೇತರಿಸಿಕೊಂಡವು. ಆದರೆ 2016ರಲ್ಲಿ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಲೆಕ್ಕದಲ್ಲಿ ಖಿನ್ನತೆಗೂ ಋತುವಿಗೂ ನಂಟು ಕಾಣಲಿಲ್ಲ. ಹಾಗಾಗಿ ಚಳಿಗಾಲದ ಬೇಸರವೆಲ್ಲ ರೋಗವಲ್ಲ, ಪೆಟ್ಟಿಗೆಯನ್ನು ಎಲ್ಲರೂ ಕೊಳ್ಳಬೇಕಾಗಿಯೂ ಇಲ್ಲ. ವರ್ಷ ವರ್ಷವೂ ಅದೇ ಕಾಲಕ್ಕೆ ಮರುಕಳಿಸುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳಿ ಕೊಳ್ಳಿ. ಮನಸ್ಸು ಖಿನ್ನತೆಗೂ ಉನ್ಮಾದಕ್ಕೂ ನಡುವೆ ಹೊಯ್ದಾಡುವ ಬೈಪೋಲಾರ್ ತೊಂದರೆಯಿರುವವರಲ್ಲಿ ಪ್ರಖರ ಬೆಳಕು ಉನ್ಮಾದವನ್ನು ಕೆರಳಿಸಬಹುದು. ಕಣ್ಣಿನ ಹಿಂಪೊರೆಯ ಕಾಯಿಲೆಯಿರುವವರು, ಬೆಳಕಿಗೆ ಮೈ ಸೂಕ್ಷ್ಮವಾಗಿಸುವ ಔಷಧ ತೆಗೆದುಕೊಳ್ಳುವವರು ಕೇಳದೆ ಮುಟ್ಟಲೇಬಾರದು. ಸ್ವೀಡನ್ನಿನ ಉತ್ತರದ ಊಮಿಯೊ ನಗರದಲ್ಲಿ 2012ರಲ್ಲಿ ಬಸ್ ನಿಲ್ದಾಣಗಳಿಗೇ ಇಂಥ ದೀಪ ಹಾಕಿದ್ದರು. ಆಲೋಚನೆ ನನಗೆ ಬಹಳ ಹಿಡಿಸಿತು, ಆದರೆ ಬಸ್ಸಿಗೆ ಕಾಯುವ ಐದು ನಿಮಿಷ ಈ ಕೆಲಸಕ್ಕೆ ಸಾಲದು.

ಐದು ಅಂಕಗಳಲ್ಲಿ ಪೆಟ್ಟಿಗೆಗೆ ನಾಲ್ಕು, ಕೈಪಿಡಿಗೆ ಒಂದು ಕೊಡುತ್ತೇನೆ. ಮಾರ್ಚ್ ಕೊನೆಯಲ್ಲಿ ಹಗಲು ಇರುಳನ್ನು ಹಿಂದಿಕ್ಕಿದ ಮೇಲೆ ಅದನ್ನು ಅಟ್ಟಕ್ಕೇರಿಸಿದ್ದೆ. ಈ ವರ್ಷ ಮಂಕು ಕವಿಯುವವರೆಗೆ ಕಾಯದೆ ಅಕ್ಟೋಬರ್ ನಡುವಿನಲ್ಲೇ ಕೆಳಗಿಳಿಸಿ, ಕುರ್ಚಿ ಎಲ್ಲಿರಬೇಕು, ಫಲಕ ಎಲ್ಲಿರಬೇಕು ಎಂದು ತಪ್ಪದಂತೆ ನೆಲದ ಮೇಲೂ ಮೇಜಿನ ಮೇಲೂ ಬಿಳಿ ಟೇಪು ಅಂಟಿಸಿದ್ದೇನೆ.